ತಿಂಗಳಿಗೆ ಎರಡು ಸಾವಿರ ಬಂದ್ರೆ ಬಡವರ ಮನೆಯಲ್ಲಿ ನಿಜವಾಗ್ಲೂ ಏನಾಗುತ್ತೆ?

ಪ್ರಶ್ನೆ: ನಮ್ದು ಉತ್ತರ ಕನ್ನಡದ ಕುಮಟಾ ತಾಲೂಕು, ಅಘನಾಶಿನಿ ಹೊಳೆ ಪಕ್ಕದ ಊರು. ಮನೆಯವ್ರು ತದಡಿಯಿಂದ ಬೋಟಿಗೆ ಹೋಗ್ತಾರೆ, ನಾನು ನೀರಿಳಿದಾಗ ಬಳಚು, ಅಂದ್ರೆ ಹೊಳೆ ಚಿಪ್ಪು, ಹೆಕ್ಕೋಕೆ ಹೋಗ್ತೀನಿ. ಗೃಹಲಕ್ಷ್ಮಿ ದುಡ್ಡು ಅತ್ತೆ ಹೆಸರಿಗೆ ಬರುತ್ತೆ. ಎಲ್ಲಿ ಹೋದ್ರೂ ಒಂದೇ ಮಾತು, ಈ ದುಡ್ಡಿಂದ ಹೆಂಗಸ್ರು ಸೋಮಾರಿ ಆದ್ರು, ಗಂಡಸ್ರು ಕುಡಿಯೋಕೆ ಹಾಕ್ತಾರೆ, ಸಾಮಾನಿನ ರೇಟು ಏರಿದ್ದೂ ಇದ್ರಿಂದಲೇ ಅಂತ. ನಮ್ಮ ಅಕ್ಕನ್ನ ಶಿರಸಿ ಕಡೆ ಕೊಟ್ಟಿದ್ದು, ಅಲ್ಲೂ ಅಡಕೆ ಕೆಲಸಕ್ಕೆ ಆಳು ಬರ್ತಿಲ್ಲ ಯಾಕಂದ್ರೆ ಎರಡು ಸಾವಿರ ಬರುತ್ತಲ್ಲ ಅಂತಾರಂತೆ. ಆದ್ರೆ ನಮ್ಮನೆಯಲ್ಲಿ ಆ ದುಡ್ಡು ಎಲ್ಲಿ ಬಂತು ಎಲ್ಲಿ ಹೋಯ್ತು ಅಂತಾನೇ ಗೊತ್ತಾಗಲ್ಲ. ಹೀಗೆ ದುಡ್ಡು ಕೊಟ್ರೆ ಬಡವರ ಮನೆ ಸುಧಾರಿಸುತ್ತಾ, ಅಥವಾ ಅದ್ರ ಬದ್ಲು ಅಕ್ಕಿನೋ ಕೆಲಸನೋ ಕೊಡೋದು ಒಳ್ಳೇದಾ? ಈಗ ಎರಡು ತಿಂಗಳಿಂದ ಬಂದೂ ಇಲ್ಲ, ಅದಕ್ಕೇನು ಮಾಡ್ಬೇಕು?

ಉತ್ತರ:

"ಎಲ್ಲಿ ಬಂತು ಎಲ್ಲಿ ಹೋಯ್ತು ಗೊತ್ತಾಗಲ್ಲ" ಅಂದ್ರಲ್ಲ, ಅಲ್ಲಿಂದಲೇ ಶುರು ಮಾಡ್ತೀನಿ. ನಾನು ವರ್ಷಗಟ್ಟಲೆ ಮಾಡ್ಕೊಂಡು ಬಂದಿರೋದು ಹಳ್ಳಿ ಮನೆಗಳ ಜಮಾಖರ್ಚು ಬರೆದುಕೊಳ್ಳೋ ಕೆಲಸ, ಕಾರವಾರದಿಂದ ಭಟ್ಕಳದವರೆಗೆ, ಮೇಲೆ ಸಿದ್ದಾಪುರ ಯಲ್ಲಾಪುರ ಜೋಯಿಡಾ ಕಡೆಗೂ ಹೋಗಿ ಜಗಲಿ ಮೇಲೆ ಕೂತು ಹೋದ ವಾರ ಏನು ತಂದ್ರಿ, ಯಾರಿಗೆ ಕೊಟ್ರಿ, ಯಾರ ಹತ್ರ ಇಸ್ಕೊಂಡ್ರಿ ಅಂತ ಕೇಳೋದು. ಗೃಹಲಕ್ಷ್ಮಿ ದುಡ್ಡಲ್ಲಿ ಏನು ತಗೊಂಡ್ರಿ ಅಂದ್ರೆ ಬಹಳಷ್ಟು ಹೆಂಗಸ್ರು ನಿಮ್ಮ ಹಾಗೇ ಕೈ ಚೆಲ್ತಾರೆ, ಏನೂ ತಗೊಂಡಿಲ್ಲ ಮಾರಾಯ್ರೆ, ಬಂತು ಹೋಯ್ತು ಅಂತ. ಆಮೇಲೆ ಅದೇ ಪ್ರಶ್ನೆನ ಬೇರೆ ದಾರಿಯಿಂದ ಕೇಳ್ತೀನಿ, ಅಂಗಡಿ ಉದ್ರಿ ಈಗ ಎಷ್ಟಿದೆ, ಮೂರು ವರ್ಷದ ಹಿಂದೆ ಎಷ್ಟಿರ್ತಿತ್ತು, ಬಡ್ಡಿಗೆ ಕೈಗಡ ಕೊನೇ ಸಲ ತಂದಿದ್ದು ಯಾವಾಗ, ಕಿವಿಯ ಬೆಂಡೋಲೆ ಅಡ ಇಟ್ಟಿದ್ದು ಬಿಡಿಸಿದ್ರಾ ಅಂತ. ಆಗ ಸ್ವಲ್ಪ ಹೊತ್ತು ಸುಮ್ನೆ ಕೂತು ಲೆಕ್ಕ ಹಾಕಿ, ಹೌದಲ್ಲ, ಈ ಮಳೆಗಾಲ ಬೆಂಡೋಲೆ ಮನೆಯಲ್ಲೇ ಇತ್ತು ಅಂತಾರೆ. ತರದೇ ಉಳಿದ ಸಾಲ ಕಣ್ಣಿಗೆ ಕಾಣಲ್ಲ ನೋಡಿ, ಟಿವಿ ತಂದ್ರೆ ಕಾಣುತ್ತೆ, ಮಿಕ್ಸಿ ತಂದ್ರೆ ಕಾಣುತ್ತೆ.

ನಿಮ್ಮ ಮನೆಯ ವರ್ಷವನ್ನೇ ತಗೊಳ್ಳಿ. ಜೂನ್ 1ರಿಂದ ಜುಲೈ 31ರ ತನಕ 61 ದಿನ ಯಾಂತ್ರಿಕ ಬೋಟು ಕಡಲಿಗೆ ಇಳಿಯೋ ಹಾಗಿಲ್ಲ. ಹೊಳೆ ಕೆಂಪಾಗಿ ತುಂಬಿ ಹರಿಯೋಕೆ ಶುರುವಾದ್ರೆ ನಿಮ್ಮ ಬಳಚೂ ಇಲ್ಲ. ಸರಿಯಾಗಿ ಅದೇ ಜೂನಲ್ಲಿ ಶಾಲೆ ಶುರು, ಪಟ್ಟಿ ಪುಸ್ತಕ, ಕೊಡೆ, ಮನೆ ಮಾಡಿಗೆ, ಅಂದ್ರೆ ಸೂರಿಗೆ, ಹಾಕೋ ಪ್ಲಾಸ್ಟಿಕ್ಕು, ಮಕ್ಕಳಿಗೆ ಜ್ವರ ಶೀತ ಎಲ್ಲಾ ಒಟ್ಟಿಗೆ. ಅದಕ್ಕೂ ಮೊದ್ಲೇ ಮೇ ತಿಂಗಳಲ್ಲಿ ಒಣಮೀನು, ಅಕ್ಕಿ, ಕಟ್ಟಿಗೆ ಅಂತ ಮಳೆಗಾಲಕ್ಕೆ ಜೋಡಿಸಿಡ್ಬೇಕು. ಆಗಸ್ಟಲ್ಲಿ ಬೋಟು ಹೊರಟ್ರೂ ಪಾಲು ಕೈಗೆ ಬರೋಕೆ ದಿನ ಹಿಡಿಯುತ್ತೆ, ಅಷ್ಟರಲ್ಲಿ ಚೌತಿ ಬಾಗಿಲಿಗೆ ಬಂದಿರುತ್ತೆ, ಚೌತಿ ಸಾಲ ತೀರೋ ಹೊತ್ತಿಗೆ ದೀಪಾವಳಿ. ಅಂದ್ರೆ ನಮ್ಮ ಕರಾವಳಿ ಮನೆಗಳ ಬಡತನ ಹನ್ನೆರಡು ತಿಂಗಳೂ ಒಂದೇ ಸಮ ಇರಲ್ಲ, ಅದು ಮೂರ್ನಾಲ್ಕು ತಿಂಗಳ ಗುಂಡಿ, ಆ ಗುಂಡಿ ದಾಟೋಕೆ ತಂದ ಸಾಲವನ್ನ ಉಳಿದ ಎಂಟು ತಿಂಗಳು ತೀರಿಸ್ತಾ ಇರೋದು. ನೂರಕ್ಕೆ ಐದರ ಹಾಗೆ ಹತ್ತು ಸಾವಿರ ಕೈಗಡ ತಂದ್ರೆ ತಿಂಗಳಿಗೆ 500 ರೂಪಾಯಿ ಬರೀ ಬಡ್ಡಿ, ಅಸಲು ಅಲ್ಲೇ ಕೂತಿರುತ್ತೆ. ಅತ್ತೆಯ ಎರಡು ಸಾವಿರದಿಂದ ಆ ಹತ್ತು ಸಾವಿರ ತರೋದು ತಪ್ತು ಅಂತಾದ್ರೆ ಬಂದಿದ್ದು ಎರಡು ಸಾವಿರ ಅಲ್ಲ, ಎರಡೂವರೆ ಸಾವಿರ. ಈ ಲೆಕ್ಕ ಯಾರೂ ಹಾಕಲ್ಲ.

(ಇದರ ಮಧ್ಯೆ ಒಂದು ಮಾತು ಕೇಳಿಬಿಡ್ತೀನಿ, ನಿಮ್ಮ ಮನೆಯವ್ರು ಮೀನುಗಾರರ ಉಳಿತಾಯ ಮತ್ತು ಪರಿಹಾರ ಯೋಜನೆಗೆ ಹೆಸರು ಕೊಟ್ಟಿದ್ದಾರಾ? ಅದ್ರಲ್ಲಿ ನೀವು 1500 ಉಳಿಸಿ ಕಟ್ಟಿದ್ರೆ ಕೇಂದ್ರ ಮತ್ತು ರಾಜ್ಯ ಸೇರಿ 3000 ಹಾಕಿ, ಒಟ್ಟು 4500 ಮೀನಿಲ್ಲದ ತಿಂಗಳಲ್ಲಿ ವಾಪಸ್ ಕೊಡ್ತಾರೆ. ಮೀನುಗಾರರ ಸಹಕಾರಿ ಸಂಘದ ಮೂಲಕ ಆಗೋ ಕೆಲಸ, ಸಂಘದಲ್ಲಿ ಕೇಳಿ.)

ಇದು ನಾನು ಇಲ್ಲಿ ಕಂಡಿದ್ದು ಮಾತ್ರ ಅಲ್ಲ. ಮಧ್ಯಪ್ರದೇಶದಲ್ಲಿ 2011-12ರ ಸುಮಾರಿಗೆ ಸೇವಾ ಅನ್ನೋ ಮಹಿಳಾ ಸಂಘಟನೆಯವ್ರು ಯುನಿಸೆಫ್ ನೆರವಲ್ಲಿ ಒಂದು ಪ್ರಯೋಗ ಮಾಡಿದ್ರು, ಎಂಟು ಹಳ್ಳಿಗಳಲ್ಲಿ ಪ್ರತಿಯೊಬ್ಬ ದೊಡ್ಡವರಿಗೂ ತಿಂಗಳಿಗೆ 200, ಮಕ್ಕಳಿಗೆ 100 ರೂಪಾಯಿ, ಆಮೇಲೆ ಅದನ್ನ 300 ಮತ್ತು 150ಕ್ಕೆ ಏರಿಸಿದ್ರು. ಯಾವ ಷರತ್ತೂ ಇಲ್ಲ, ಯಾಕೆ ಖರ್ಚು ಮಾಡಿದ್ರಿ ಅಂತ ಯಾರೂ ಕೇಳಲ್ಲ. ಪಕ್ಕದ ದುಡ್ಡು ಕೊಡದ ಹಳ್ಳಿಗಳ ಜೊತೆ ಹೋಲಿಸಿ ನೋಡಿದಾಗ ಊಟ ಸುಧಾರಿಸಿತ್ತು, ಚಿಕ್ಕ ಮಕ್ಕಳ ತೂಕ ಸುಧಾರಿಸಿತ್ತು, ಆಡು ಕೋಳಿ ದನ ಹೆಚ್ಚಾಗಿತ್ತು, ಸಾಲ ಇಳಿದಿತ್ತು. ಬೇರೆಯವರ ಹೊಲದ ಕೂಲಿಗೆ ಹೋಗೋದು ಬಿಟ್ಟು ತಮ್ಮ ತುಂಡು ಜಮೀನಲ್ಲೇ ಹೆಚ್ಚು ದುಡಿದವ್ರೂ ಇದ್ರು. ಇದನ್ನ ಯಾರಾದ್ರೂ ಸೋಮಾರಿತನ ಅಂತ ಕರೆದ್ರೆ ನಾನು ಒಪ್ಪಲ್ಲ.

ಈಗ ನನ್ನ ಮುಖ್ಯ ಮಾತಿಗೆ ಬರ್ತೀನಿ. ದುಡ್ಡು ಎಷ್ಟು ಅನ್ನೋದಕ್ಕಿಂತ ಯಾವತ್ತು ಬರುತ್ತೆ ಅಂತ ಮೊದ್ಲೇ ಗೊತ್ತಿದೆಯಾ ಇಲ್ವಾ ಅನ್ನೋದು ದೊಡ್ಡದು. ದಿನ ಗೊತ್ತಿರೋ ದುಡ್ಡಿಗೂ ಯಾವಾಗಲೋ ಬಂದು ಬೀಳೋ ದುಡ್ಡಿಗೂ ಹೆಸರು ಒಂದೇ, ಮನೆಯಲ್ಲಿ ಅದು ಮಾಡೋ ಕೆಲಸ ಬೇರೆ. ಕೀನ್ಯಾ ದೇಶದ ಹಳ್ಳಿಗಳಲ್ಲಿ ಯೋಹಾನೆಸ್ ಹೌಸ್‌ಹೋಫರ್ ಮತ್ತು ಜೆರೆಮಿ ಶಪೀರೋ ಅನ್ನೋರು ಮಾಡಿದ ಅಧ್ಯಯನ 2016ರಲ್ಲಿ ಬಂತು, ಅದ್ರಲ್ಲಿ ಕೆಲವು ಮನೆಗೆ ತಿಂಗಳು ತಿಂಗಳು ಕೊಟ್ರು, ಕೆಲವು ಮನೆಗೆ ಅದೇ ದುಡ್ಡನ್ನ ಒಂದೇ ಸಲ ಕೊಟ್ರು, ಮೊಬೈಲ್ ಮೂಲಕವೇ. ತಿಂಗಳು ತಿಂಗಳು ಬಂದ ಮನೆಗಳಲ್ಲಿ ಊಟದ ಭದ್ರತೆ ಹೆಚ್ಚಾಯ್ತು, ಒಟ್ಟಿಗೆ ಬಂದ ಮನೆಗಳಲ್ಲಿ ಅದು ಹೆಚ್ಚಾಗಿ ಬಾಳಿಕೆ ಬರೋ ವಸ್ತುಗಳಿಗೆ ಹೋಯ್ತು, ಹುಲ್ಲು ಮಾಡು ತೆಗೆದು ತಗಡು ಹಾಕಿಸಿದ ಹಾಗೆ. ಎರಡೂ ಒಳ್ಳೇದೇ, ಮಾಡು ಸೋರದೇ ಇರೋದು ಸಣ್ಣ ಸುಖ ಅಲ್ಲ, ನಮ್ಮ ಜಿಲ್ಲೆಯಲ್ಲಂತೂ ಅದನ್ನ ಬಿಡಿಸಿ ಹೇಳೋದೇ ಬೇಡ. ಆದ್ರೆ ಯಾವ ತೊಂದ್ರೆಗೆ ಯಾವ ಥರದ ದುಡ್ಡು ಅನ್ನೋದು ಬೇರೆ ಬೇರೆ. ಕಾರವಾರ ಅಂಕೋಲಾ ಕಡೆ ಸೀಬರ್ಡ್ ನೌಕಾನೆಲೆಗೆ ಜಾಗ ಬಿಟ್ಟುಕೊಟ್ಟ ಹಿರಿಯರನ್ನ ಕೇಳಿ ನೋಡಿ, ಪರಿಹಾರ ಬಂದಾಗ ಕೆಲವ್ರು ಮನೆ ಕಟ್ಟಿದ್ರು, ಮಗಳ ಮದುವೆ ಮಾಡಿದ್ರು, ಆದ್ರೆ ಬಲೆ ಹಾಕಿ ದಿನಾ ತರ್ತಿದ್ದ ಮೀನಿನ ಜಾಗಕ್ಕೆ ಒಂದೇ ಸಲ ಬಂದ ದುಡ್ಡು ಕೂರಲೇ ಇಲ್ಲ.

ಆ ದೃಷ್ಟಿಯಿಂದ ನೋಡಿದ್ರೆ ಗೃಹಲಕ್ಷ್ಮಿ ಯೋಜನೆಯ ರೂಪ ಸರಿಯಾಗೇ ಇದೆ, 2023ರ ಆಗಸ್ಟ್ 30ಕ್ಕೆ ಮೈಸೂರಲ್ಲಿ ಶುರು ಮಾಡಿದಾಗಲೇ ತಿಂಗಳಿಗೆ 2000, ಯಜಮಾನಿ ಖಾತೆಗೆ ನೇರ ಅಂತ ಇತ್ತು. ಕೇಂದ್ರ ಸರ್ಕಾರ ರೈತರಿಗೆ ಕೊಡೋ ಪಿಎಂ ಕಿಸಾನ್ ವರ್ಷಕ್ಕೆ 6000, ನಾಲ್ಕು ತಿಂಗಳಿಗೊಮ್ಮೆ ಎರಡು ಸಾವಿರದ ಹಾಗೆ ಮೂರು ಕಂತು, ಅದು ಗೊಬ್ಬರಕ್ಕೋ ಬೀಜಕ್ಕೋ ಆಗುತ್ತೆ, ಅಡುಗೆಮನೆಗೆ ಅಷ್ಟಾಗಿ ಬರಲ್ಲ. ಆದ್ರೆ ರೂಪ ಸರಿ ಇದ್ದು ನಡೆಸೋದ್ರಲ್ಲಿ ತಪ್ಪಿದ್ರೆ ಏನಾಗುತ್ತೆ ಅಂತ ನಿಮಗೇ ಗೊತ್ತು. ಒಂದು ತಿಂಗಳು ಬರುತ್ತೆ, ಎರಡು ತಿಂಗಳು ಇಲ್ಲ, ಆಮೇಲೆ ಎರಡು ಕಂತು ಒಟ್ಟಿಗೆ. ಸರ್ಕಾರದ ಲೆಕ್ಕದಲ್ಲಿ ತಡವಾಗಿ ಬಂದ 4000 ಮತ್ತು ಸರಿಯಾಗಿ ಬಂದ 2000 ಪ್ಲಸ್ 2000 ಎರಡೂ ಸಮ. ನಿಮ್ಮ ಮನೆಯಲ್ಲಿ ಸಮ ಅಲ್ಲ, ಯಾಕಂದ್ರೆ ಆ ಎರಡು ತಿಂಗಳಲ್ಲಿ ಅಂಗಡಿಯವ್ರ ಹತ್ರ ಉದ್ರಿ ಬರೆಸಿ ಆಗಿರುತ್ತೆ, ಸ್ವಸಹಾಯ ಸಂಘದ ವಾರದ ಕಂತಿಗೆ ಪಕ್ಕದ ಮನೆಯವ್ರ ಹತ್ರ ಇಸ್ಕೊಂಡು ಆಗಿರುತ್ತೆ. ಅಂಗಡಿಯವ್ನೂ ಅಷ್ಟೇ, ಐದನೇ ತಾರೀಕಿಗೆ ದುಡ್ಡು ಬಂದೇ ಬರುತ್ತೆ ಅಂತಿದ್ರೆ ಧೈರ್ಯದಿಂದ ಉದ್ರಿ ಕೊಡ್ತಾನೆ, ಯಾವಾಗ ಬರುತ್ತೋ ಗೊತ್ತಿಲ್ಲ ಅಂದ್ರೆ ಒಂದೆರಡು ರೂಪಾಯಿ ಜಾಸ್ತಿ ಹಾಕೇ ಬರೆಯೋದು. ಇದನ್ನ ನಾನು ಎಲ್ಲಿ ಅವಕಾಶ ಸಿಕ್ಕಿದ್ರೂ ಹೇಳ್ತಾ ಬಂದಿದ್ದೀನಿ, ಎರಡು ಸಾವಿರನ ಮೂರು ಸಾವಿರ ಮಾಡೋದಕ್ಕಿಂತ ಮೊದ್ಲು ಅದಕ್ಕೊಂದು ತಾರೀಕು ಕೊಡಿ. ನೌಕರರ ಸಂಬಳಕ್ಕೆ ತಾರೀಕಿದೆ, ಬಳಚು ಹೆಕ್ಕೋ ಹೆಂಗಸಿನ ಎರಡು ಸಾವಿರಕ್ಕೆ ಯಾಕಿಲ್ಲ?

ಸೋಮಾರಿ ಆದ್ರು ಅನ್ನೋ ಮಾತು. ಉದ್ಯೋಗ ಖಾತ್ರಿಯಲ್ಲಿ 2025-26ರಲ್ಲಿ ಕರ್ನಾಟಕದ ದಿನಗೂಲಿ 370 ರೂಪಾಯಿ ಇತ್ತು, ಆ ಲೆಕ್ಕದಲ್ಲಿ ಎರಡು ಸಾವಿರ ಅಂದ್ರೆ ಐದೂವರೆ ದಿನದ ಕೂಲಿನೂ ಆಗಲ್ಲ. ದಿನಕ್ಕೆ ಹಂಚಿದ್ರೆ 66 ರೂಪಾಯಿ. 66 ರೂಪಾಯಿ ನಂಬ್ಕೊಂಡು ಯಾವ ಮನೆಯವ್ರು ಕೆಲಸ ಬಿಟ್ಟು ಕೂತಾರು? ಅಭಿಜಿತ್ ಬ್ಯಾನರ್ಜಿ ಮತ್ತು ಜೊತೆಗಾರರು ಆರು ದೇಶಗಳ ಏಳು ಇಂಥ ಯೋಜನೆಗಳ ಅಂಕಿಅಂಶ ಒಟ್ಟಿಗೆ ಇಟ್ಟು ನೋಡಿದ್ರು, ದುಡ್ಡು ಬಂದ್ರೆ ಜನ ದುಡಿಯೋದು ಬಿಡ್ತಾರೆ ಅನ್ನೋದಕ್ಕೆ ಆಧಾರ ಸಿಗಲಿಲ್ಲ. ಹಾಗಂತ ನಿಮ್ಮ ಅಕ್ಕನ ಊರಿನ ತೋಟದವ್ರು ಸುಳ್ಳು ಹೇಳ್ತಿದ್ದಾರೆ ಅಂತಲೂ ನಾನು ಅನ್ನಲ್ಲ, ಅವ್ರಿಗೆ ಆಳು ಸಿಗ್ತಿಲ್ಲ ಅನ್ನೋದು ನಿಜ, ಆ ಕಷ್ಟ ನಾನು ಕಣ್ಣಾರೆ ನೋಡಿದ್ದೀನಿ, ಕೊನೆಕೊಯ್ಲಿಗೆ, ಅಂದ್ರೆ ಅಡಕೆ ಗೊನೆ ಇಳಿಸೋಕೆ, ಮರ ಹತ್ತೋರು ಇಲ್ಲದೆ ಅಡಕೆ ಮರದಲ್ಲೇ ಹಣ್ಣಾಗಿ ಉದುರೋದು, ಔಷಧಿ ಹೊಡೆಯೋಕೆ ಜನ ಸಿಗದೆ ಕೊಳೆರೋಗ ತೋಟ ತುಂಬಾ ಹಬ್ಬೋದು. ಆದ್ರೆ ಆ ಕೊರತೆ 2023ಕ್ಕಿಂತ ಎಷ್ಟೋ ಮೊದ್ಲಿಂದ ಇದೆ. ಹುಡುಗ್ರು ಗೋವಾಕ್ಕೆ, ಮಂಗಳೂರಿಗೆ, ಬೆಂಗಳೂರಿಗೆ ಹೋದ್ರು, ಅವ್ರ ಮಕ್ಕಳು ಕಾಲೇಜಿಗೆ ಹೋದ್ರು, ಮರ ಹತ್ತೋ ಕೆಲಸ ಕಲಿಯೋಕೆ ಯಾರೂ ಉಳೀಲಿಲ್ಲ. ಅದೂ ಅಲ್ದೆ ಮರ ಹತ್ತೋದು ಗಂಡಸ್ರು, ಎರಡು ಸಾವಿರ ಬರೋದು ಹೆಂಗಸ್ರ ಖಾತೆಗೆ.

ಒಂದು ಬದಲಾವಣೆ ಮಾತ್ರ ಆಗಿದೆ, ಅದನ್ನ ಮುಚ್ಚಿಡಬಾರ್ದು. ಅಡಕೆ ಸುಲಿಯೋಕೆ, ಸೊಪ್ಪು, ದರಕು (ಒಣಗಿದ ಎಲೆ) ಹೊರೋಕೆ ಬರ್ತಿದ್ದ ಕೆಲವು ಹೆಂಗಸ್ರು ಈಗ ಜ್ವರ ಇದ್ದ ದಿನ ಬರಲ್ಲ ಅಂತಾರೆ. ಮೊದ್ಲು ಮುಂಗಡ ತಗೊಂಡು ಅದ್ರ ಋಣಕ್ಕೆ ಯಾವ ಕೂಲಿ ಕೊಟ್ರೂ ಬರ್ಬೇಕಿತ್ತು, ಈಗ ಕೂಲಿ ಎಷ್ಟು ಅಂತ ಕೇಳಿ ಬರ್ತಾರೆ. ಯಲ್ಲಾಪುರ ಕಡೆ ಒಬ್ಬ ಹೆಂಗಸು ನಂಗೆ ಹೇಳಿದ್ದು ಇಷ್ಟೇ, "ಮೊದ್ಲು ಇಲ್ಲ ಅನ್ನೋಕೆ ಬಾಯಿ ಬರ್ತಿರ್ಲಿಲ್ಲ." ತೋಟದವ್ರಿಗೆ ಇದು ತೊಂದ್ರೆ ಅನ್ಸೋದು ಸಹಜ, ಸಣ್ಣ ತೋಟ ಇರೋರಿಗೆ ಖರ್ಚು ಏರಿದ್ದು ನಿಜವಾಗ್ಲೂ ಭಾರ. ಆದ್ರೂ ನನ್ನ ಮಟ್ಟಿಗೆ ಈ ಇಡೀ ಯೋಜನೆಯಲ್ಲಿ ಅತಿ ದೊಡ್ಡ ಲಾಭ ಯಾವುದು ಅಂತ ಕೇಳಿದ್ರೆ ಆ ಬಾಯಿ ಬಂದಿದ್ದೇ ಅಂತೀನಿ.

ಕುಡಿತದ ವಿಷಯ ಬೇಗ ಮುಗಿಸ್ತೀನಿ. ವಿಶ್ವಬ್ಯಾಂಕಿನ ಸಂಶೋಧಕರು ಬೇರೆ ಬೇರೆ ದೇಶಗಳ 19 ಅಧ್ಯಯನಗಳನ್ನ ಒಟ್ಟು ಸೇರಿಸಿ ನೋಡಿದಾಗ ಇಂಥ ದುಡ್ಡಿಂದ ಹೆಂಡ ತಂಬಾಕಿನ ಖರ್ಚು ಏರಲಿಲ್ಲ. ಕುಡಿಯೋರು ಇಲ್ವಾ ಅಂದ್ರೆ ಇದ್ದಾರೆ, ಅವ್ರು ಗೃಹಲಕ್ಷ್ಮಿ ಬರೋ ಮೊದ್ಲೂ ಕುಡೀತಿದ್ರು, ಬೋಟಿನ ಪಾಲಿನ ದುಡ್ಡಲ್ಲಿ. ಹೆಂಡತಿ ಅಥವಾ ಅಮ್ಮನ ಕೈಯಿಂದ ಪಾಸ್‌ಬುಕ್ ಕಿತ್ಕೊಂಡು ಹೋಗೋ ಮನೆ ನಾನೂ ನೋಡಿದ್ದೀನಿ, ಅದು ಆ ಮನೆಯ ಹಿಂಸೆ, ಅದಕ್ಕೆ ದುಡ್ಡು ನಿಲ್ಲಿಸೋದು ಪರಿಹಾರ ಆಗಲ್ಲ.

ಬೆಲೆ ಏರಿಕೆಗೆ ಸ್ವಲ್ಪ ಬಿಡಿಸಿ ಹೇಳ್ಬೇಕು. ಕೀನ್ಯಾದಲ್ಲೇ ಇನ್ನೊಂದು ದೊಡ್ಡ ಅಧ್ಯಯನ ಆಗಿದೆ, 653 ಹಳ್ಳಿಗಳಲ್ಲಿ, ಅಲ್ಲಿನ ಸ್ಥಳೀಯ ಆದಾಯಕ್ಕೆ ಹೋಲಿಸಿದ್ರೆ ಬಹಳ ದೊಡ್ಡ ಮೊತ್ತವನ್ನೇ ಹಂಚಿದ್ರು. ಬೆಲೆ ಏರಿದ್ದು ಸುಮಾರು 0.1 ಶೇಕಡಾ ಅಷ್ಟೇ, ಅದ್ರ ಬದ್ಲು ದುಡ್ಡು ಸಿಗದ ಮನೆಗಳಿಗೂ ಲಾಭ ಆಯ್ತು, ಯಾಕಂದ್ರೆ ಆ ದುಡ್ಡು ಊರ ಅಂಗಡಿಯಲ್ಲಿ, ಟೈಲರ್ ಹತ್ರ, ಕೋಳಿ ಸಾಕೋರ ಹತ್ರ ಓಡಾಡ್ತು. ಆದ್ರೆ ಮೆಕ್ಸಿಕೋದಲ್ಲಿ ಆಹಾರದ ಪೊಟ್ಟಣ ಕೊಟ್ಟ ಹಳ್ಳಿ ಮತ್ತು ದುಡ್ಡು ಕೊಟ್ಟ ಹಳ್ಳಿ ಹೋಲಿಸಿದಾಗ, ಆಹಾರ ಕೊಟ್ಟಲ್ಲಿ ಊರಿನ ಅಂಗಡಿ ಬೆಲೆ ಇಳೀತು, ಅದ್ರಲ್ಲೂ ಪೇಟೆಯಿಂದ ದೂರ ಇರೋ ಹಳ್ಳಿಗಳಲ್ಲಿ ಹೆಚ್ಚು ಇಳೀತು. ನಮ್ಮ ಜಿಲ್ಲೆಗೆ ಇದು ಬಹಳ ಹೊಂದುತ್ತೆ. ಕುಮಟಾ ಪೇಟೆಯಲ್ಲಿ ಹತ್ತಾರು ಅಂಗಡಿ ಇವೆ, ಅಲ್ಲಿ ಒಬ್ಬ ರೇಟು ಏರಿಸಿದ್ರೆ ಪಕ್ಕದವನ ಹತ್ರ ಹೋಗಬಹುದು. ಜೋಯಿಡಾದ ಒಳಗಿನ ಊರಲ್ಲಿ ಒಂದೇ ಅಂಗಡಿ, ಅವನು ಹೇಳಿದ್ದೇ ರೇಟು. ಅಂಥಾ ಕಡೆ ರೇಷನ್ ಅಕ್ಕಿ ಸರಿಯಾಗಿ ತಲುಪೋದು ದುಡ್ಡಿಗಿಂತ ಮೇಲು.

ಅಕ್ಕಿನಾ ದುಡ್ಡಾ ಅನ್ನೋ ನಿಮ್ಮ ಪ್ರಶ್ನೆಗೆ ನಮ್ಮಲ್ಲೇ ಪ್ರಯೋಗ ಆಗಿಹೋಯ್ತಲ್ಲ. 2023ರ ಜುಲೈಯಿಂದ ಅನ್ನಭಾಗ್ಯದ ಹೆಚ್ಚುವರಿ 5 ಕೆಜಿ ಅಕ್ಕಿ ಸಿಗದ ಕಾರಣ ಕೆಜಿಗೆ 34ರಂತೆ ತಲಾ 170 ರೂಪಾಯಿ ಹಾಕಿದ್ರು, 2025ರ ಫೆಬ್ರವರಿಯಲ್ಲಿ ಮತ್ತೆ ಅಕ್ಕಿಗೇ ಬಂದ್ರು. ಐದು ಜನರ ಮನೆಗೆ ತಿಂಗಳಿಗೆ 850. ಕರಾವಳಿಯಲ್ಲಿ ಇದಕ್ಕೆ ಎರಡು ಥರದ ಮಾತು ಕೇಳಿದ್ದೀನಿ. ನಮ್ಮಲ್ಲಿ ಉಣ್ಣೋದು ಕುಚ್ಚಲಕ್ಕಿ, ರೇಷನ್ ಬೆಳ್ತಿಗೆ ಅಕ್ಕಿ ದೋಸೆಗೋ ಇಡ್ಲಿಗೋ ಹೋಗುತ್ತೆ, ಹಾಗಾಗಿ ದುಡ್ಡೇ ಒಳ್ಳೇದಿತ್ತು, ನಮಗೆ ಬೇಕಾದ ಅಕ್ಕಿ ತಗೋತಿದ್ವಿ ಅಂತ ಕೆಲವ್ರು. ಆದ್ರೆ 34 ರೂಪಾಯಿಗೆ ಯಾವ ಅಂಗಡಿಯಲ್ಲಿ ಕುಚ್ಚಲಕ್ಕಿ ಸಿಗ್ತಿತ್ತು ಹೇಳಿ, ಅದು ಆಹಾರ ನಿಗಮದ ರೇಟು, ಪೇಟೆ ರೇಟು ಅಲ್ಲ. ದುಡ್ಡಿನ ತೊಂದ್ರೆ ಇದೇ, ಬೆಲೆ ಏರಿದ್ರೆ ಅದ್ರ ತೂಕ ತಾನಾಗೇ ಇಳಿಯುತ್ತೆ, ಐದು ಕೆಜಿ ಅಕ್ಕಿ ಮಾತ್ರ ಯಾವಾಗ್ಲೂ ಐದು ಕೆಜಿನೇ. ಜಾರ್ಖಂಡದ ನಗಡಿ ಅನ್ನೋ ಕಡೆ 2017ರಲ್ಲಿ ಇನ್ನೂ ವಿಚಿತ್ರ ಮಾಡಿದ್ರು, ಒಂದು ರೂಪಾಯಿಗೆ ಸಿಗ್ತಿದ್ದ ಅಕ್ಕಿಗೆ ಮೊದ್ಲು ಬ್ಯಾಂಕಿಗೆ ದುಡ್ಡು ಹಾಕೋದು, ಜನ ಅದನ್ನ ಬಿಡಿಸ್ಕೊಂಡು ಬಂದು ಅದೇ ರೇಷನ್ ಅಂಗಡಿಯಲ್ಲಿ ಕೆಜಿಗೆ 32 ಕೊಟ್ಟು ತಗೋಬೇಕು. ಬ್ಯಾಂಕಿಗೆ ಓಡಾಡೋದ್ರಲ್ಲೇ ಕೂಲಿ ದಿನಗಳು ಹೋದ್ವು, ಜನ ಗಲಾಟೆ ಮಾಡಿ 2018ರಲ್ಲಿ ಅದನ್ನ ವಾಪಸ್ ತಗೊಂಡ್ರು. ಹಾಗಾಗಿ ನನ್ನ ಅಭಿಪ್ರಾಯ ಸ್ಪಷ್ಟವಾಗೇ ಇದೆ, ಅಕ್ಕಿ ಇರಲಿ, ಅದ್ರ ಮೇಲೆ ದುಡ್ಡೂ ಬರಲಿ, ಒಂದನ್ನ ತೆಗೆದು ಇನ್ನೊಂದು ಕೊಡೋದು ಬೇಡ. ಕೆಲಸದ ವಿಷಯವೂ ಅಷ್ಟೇ, ಕೈಲಿ ಶಕ್ತಿ ಇರೋರಿಗೆ ಕೆಲಸ ಬೇಕು, ಆದ್ರೆ ನಿಮ್ಮ ಅತ್ತೆಗೆ ಈ ವಯಸ್ಸಲ್ಲಿ ಮಣ್ಣು ಹೊರು ಅನ್ನೋಕಾಗುತ್ತಾ?

ಅತ್ತೆ ಹೆಸರಿಗೆ ಬರುತ್ತೆ ಅಂದ್ರಲ್ಲ, ಅದ್ರಲ್ಲಿ ಸ್ವಲ್ಪ ಬೇಜಾರು ಇದೆ ಅಂತ ನಂಗೆ ಅನ್ಸ್ತು, ತಪ್ಪಾಗಿದ್ರೆ ಕ್ಷಮಿಸಿ. 2013ರ ಆಹಾರ ಭದ್ರತಾ ಕಾಯ್ದೆ ಪ್ರಕಾರ ರೇಷನ್ ಕಾರ್ಡಲ್ಲಿ ಮನೆಯ ಅತಿ ಹಿರಿಯ ಹೆಂಗಸೇ ಯಜಮಾನಿ, ಹಾಗಾಗಿ ಒಂದು ಕಾರ್ಡಿಗೆ ಒಬ್ಬರಿಗೇ ಈ ದುಡ್ಡು. ಒಂದೇ ಮಾಡಿನ ಕೆಳಗೆ ಮೂರು ಒಲೆ ಇದ್ರೂ ಕಾರ್ಡು ಒಂದಾದ್ರೆ ಎರಡೇ ಸಾವಿರ, ಎಷ್ಟೋ ಮನೆಯಲ್ಲಿ ಅತ್ತೆ ಸೊಸೆ ಮಧ್ಯೆ ಇದ್ರಿಂದಲೇ ಮಾತು ನಿಂತಿದೆ. ಆದ್ರೆ ಅಜ್ಜಿ ಕೈಗೆ ಹೋದ ದುಡ್ಡು ವ್ಯರ್ಥ ಅಂತ ತಿಳ್ಕೋಬೇಡಿ. ದಕ್ಷಿಣ ಆಫ್ರಿಕಾದಲ್ಲಿ ಹಿರಿಯರ ಪಿಂಚಣಿ ಹೆಚ್ಚು ಮಾಡಿದಾಗ ಏನಾಯ್ತು ಅಂತ ಎಸ್ತೆರ್ ಡುಫ್ಲೋ ಅನ್ನೋ ಅರ್ಥಶಾಸ್ತ್ರಜ್ಞೆ ನೋಡಿದ್ರು, ಆ ಅಧ್ಯಯನ 2003ರಲ್ಲಿ ಬಂತು. ಅಜ್ಜಿಗೆ ಪಿಂಚಣಿ ಬರೋ ಮನೆಗಳಲ್ಲಿ ಮೊಮ್ಮಗಳಂದಿರ ಮೈಕಟ್ಟು, ಎತ್ತರ ತೂಕ ಸುಧಾರಿಸಿತ್ತು. ಅಜ್ಜನಿಗೆ ಬಂದಾಗ ಆ ಬದಲಾವಣೆ ಕಾಣಲಿಲ್ಲ. ನಮ್ಮಲ್ಲೂ ಇದನ್ನ ನೋಡ್ತೀನಿ, ಅಜ್ಜಿ ಸೊಂಟದ ಸಂಚಿಯಿಂದ ಮೊಮ್ಮಗುವಿನ ಬಿಸ್ಕತ್ತಿಗೆ, ಮೊಟ್ಟೆಗೆ, ಜಾತ್ರೆ ಬಳೆಗೆ ಹೋಗೋ ಹತ್ತು ಇಪ್ಪತ್ತು ರೂಪಾಯಿ ನನ್ನ ಜಮಾಖರ್ಚಿನ ಪುಸ್ತಕದಲ್ಲಿ ಯಾವ ಕಾಲಮ್ಮಿಗೂ ಬರಲ್ಲ. ನಿಮ್ಮ ಮನೆಯಲ್ಲೂ ದುಡ್ಡು ಎಲ್ಲಿ ಹೋಯ್ತು ಗೊತ್ತಾಗದೇ ಇರೋಕೆ ಇದೂ ಒಂದು ಕಾರಣ ಇರಬಹುದು.

ಹೇಳಲೇಬೇಕಾದ ಕೊರತೆಗಳೂ ಇವೆ. ನಂಗೆ ಅತಿ ಹೆಚ್ಚು ಸಂಕಟ ಆಗೋದು ಯಾರಿಗೆ ಬರಲ್ವೋ ಅವ್ರದ್ದು ನೋಡಿ. ಪಿಎಂ ಕಿಸಾನ್ ಬೇಕಾದ್ರೆ ಹೆಸರಲ್ಲಿ ಜಮೀನಿರ್ಬೇಕು, ನಮ್ಮದು ಅರಣ್ಯವೇ ಬಹುಪಾಲು ಇರೋ ಜಿಲ್ಲೆ, ತಲೆತಲಾಂತರದಿಂದ ಉಳುತ್ತಾ ಬಂದಿದ್ರೂ ಕಾಗದದಲ್ಲಿ ಅತಿಕ್ರಮಣದಾರ ಅನ್ನಿಸ್ಕೊಂಡವ್ರು ಎಷ್ಟು ಜನ. ಅರಣ್ಯ ಹಕ್ಕು ಕಾಯ್ದೆಯಲ್ಲಿ ಬುಡಕಟ್ಟಿಗೆ ಸೇರದವ್ರು 75 ವರ್ಷ, ಅಂದ್ರೆ ಮೂರು ತಲೆಮಾರಿನ ವಾಸಕ್ಕೆ ಪುರಾವೆ ತೋರಿಸ್ಬೇಕು, ಅಜ್ಜ ಮುತ್ತಜ್ಜನ ಕಾಲದ ಕಾಗದ ಸೋಗೆ ಮನೆಯಲ್ಲಿ ಗೆದ್ದಲು ತಿನ್ನದೇ ಉಳಿದಿರುತ್ತಾ? ಪಹಣಿ ಇಲ್ಲ ಅಂದ್ರೆ ಪಿಎಂ ಕಿಸಾನ್ ಇಲ್ಲ, ಬೆಳೆ ಸಾಲ ಇಲ್ಲ. ಅಂದ್ರೆ ಅತಿ ಬಡ ರೈತನಿಗೇ ರೈತರ ದುಡ್ಡು ಬರಲ್ಲ. ಗೃಹಲಕ್ಷ್ಮಿಯಲ್ಲಿ ಪಹಣಿ ಕೇಳದೇ ಇರೋದು ಈ ಜಿಲ್ಲೆಗೆ ಎಷ್ಟು ದೊಡ್ಡ ವಿಷಯ ಅಂತ ಬೆಂಗಳೂರಲ್ಲಿ ಕೂತವ್ರಿಗೆ ಗೊತ್ತಾಗೋದು ಕಷ್ಟ.

ಇನ್ನೊಂದು, ಈ ದುಡ್ಡು ಬರುತ್ತೆ ಅಂತ ಗೊತ್ತಾದ ಮೇಲೆ ವಾರದ ಕಂತಿನ ಸಾಲ ಕೊಡೋರು ಮನೆ ಬಾಗಿಲಿಗೆ ಬರೋದು ಜಾಸ್ತಿ ಆಗಿದೆ, ಗೃಹಲಕ್ಷ್ಮಿ ಬರುತ್ತಲ್ಲ ಅಕ್ಕಾ ಅದ್ರಲ್ಲೇ ಕಟ್ಟಿದ್ರಾಯ್ತು ಅಂತ ನಲವತ್ತು ಐವತ್ತು ಸಾವಿರ ಕೊಟ್ಟು ಹೋಗ್ತಾರೆ, ಆಮೇಲೆ ಗೃಹಲಕ್ಷ್ಮಿ ತಡವಾದ್ರೂ ವಾರ ತಡ ಆಗಲ್ಲ. ವಸೂಲಿ ಹೆಸರಲ್ಲಿ ಕಿರುಕುಳ ಕೊಡೋದನ್ನ ತಡೆಯೋಕೆ ಸರ್ಕಾರ 2025ರ ಫೆಬ್ರವರಿಯಲ್ಲಿ ಸುಗ್ರೀವಾಜ್ಞೆ ತಂತು, ಆಮೇಲೆ ಅದೇ ಕಾಯ್ದೆ ಆಯ್ತು, ಬಾಗಿಲಲ್ಲಿ ನಿಂತು ಬೈದ್ರೆ ಪೊಲೀಸರಿಗೆ ಹೇಳಬಹುದು. ಆದ್ರೆ ದಯವಿಟ್ಟು ಈ ಎರಡು ಸಾವಿರ ನಂಬ್ಕೊಂಡು ಹೊಸ ಸಾಲಕ್ಕೆ ಹೆಬ್ಬೆಟ್ಟು ಒತ್ತಬೇಡಿ.

ಮತ್ತೆ ಆಸ್ಪತ್ರೆ. ನಮ್ಮ ಜಿಲ್ಲೆಯವ್ರು ದೊಡ್ಡ ಕಾಯಿಲೆಗೆ ಮಣಿಪಾಲಕ್ಕೋ, ಮಂಗಳೂರಿಗೋ, ಹುಬ್ಬಳ್ಳಿಗೋ, ಕಾರವಾರದ ಕಡೆಯವ್ರು ಗೋವಾಕ್ಕೋ ಓಡ್ಬೇಕು, ಸುಸಜ್ಜಿತ ಆಸ್ಪತ್ರೆ ಬೇಕು ಅಂತ ವರ್ಷಗಟ್ಟಲೆ ಕೂಗ್ತಾನೇ ಇದ್ದಾರೆ. ತಿಂಗಳು ತಿಂಗಳು ಎರಡು ಸಾವಿರದ ಹಾಗೆ ಒಂದೂವರೆ ವರ್ಷ ಕಷ್ಟಪಟ್ಟು ಸರಿ ಮಾಡ್ಕೊಂಡ ಮನೆನ ಒಂದು ರಾತ್ರಿಯ ಗಾಡಿ ಬಾಡಿಗೆ, ಅಲ್ಲಿ ಉಳಿಯೋ ಖರ್ಚು, ಬಿಟ್ಟ ಕೂಲಿ ಸೇರಿ ಹಿಂದಕ್ಕೆ ತಳ್ಳಿಬಿಡುತ್ತೆ. ಖಾತೆಗೆ ದುಡ್ಡು ಹಾಕಿದ್ರೆ ಡಾಕ್ಟರು ಬರಲ್ಲ, ರಸ್ತೆ ಆಗಲ್ಲ. ಜನಕ್ಕೆ ದುಡ್ಡು ಕೊಟ್ಟಾಯ್ತಲ್ಲ ಅಂತ ಉಳಿದಿದ್ದನ್ನ ಮುಂದೂಡೋದು ಶುರುವಾದ್ರೆ ಅದು ನಷ್ಟದ ವ್ಯಾಪಾರ, ಅದನ್ನ ಒಪ್ಕೋಬಾರ್ದು.

ಇನ್ನು ಎರಡು ತಿಂಗಳಿಂದ ಬಂದಿಲ್ಲ ಅಂದಿದ್ದಕ್ಕೆ. ಮೊದ್ಲು ಓಡಾಡೋಕೆ ಹೋಗಬೇಡಿ, ಅಕ್ಕಪಕ್ಕದ ನಾಲ್ಕು ಮನೆಯಲ್ಲಿ ಕೇಳಿ. ಯಾರಿಗೂ ಬಂದಿಲ್ಲ ಅಂದ್ರೆ ಅದು ಮೇಲಿಂದಲೇ ತಡ, ಬ್ಯಾಂಕಿಗೆ ಹತ್ತು ಸಲ ಹೋದ್ರೂ ಉಪಯೋಗ ಇಲ್ಲ, ಹೆಂಗಸ್ರಿಗೆ ಬಸ್ಸಲ್ಲಿ ಟಿಕೆಟ್ ದುಡ್ಡು ಇಲ್ಲದಿದ್ರೂ ದಿನದ ಕೂಲಿ ಹೋಗುತ್ತೆ. ಅವ್ರಿಗೆಲ್ಲಾ ಬಂದು ನಿಮಗೆ ಮಾತ್ರ ಬಂದಿಲ್ಲ ಅಂದ್ರೆ ಹೆಚ್ಚಾಗಿ ಕಾರಣ ಆಧಾರ್ ಜೋಡಣೆ. ಈ ದುಡ್ಡು ಅಕೌಂಟ್ ನಂಬರಿಗೆ ಬರೋದಲ್ಲ, ಆಧಾರ್ ನಂಬರಿಗೆ ಬರೋದು, ಆ ಆಧಾರಿಗೆ ಕೊನೇ ಸಲ ಯಾವ ಬ್ಯಾಂಕನ್ನ ಜೋಡಿಸಿದ್ದಾರೋ ಆ ಬ್ಯಾಂಕಿಗೆ ಹೋಗಿ ಬೀಳುತ್ತೆ. ಅತ್ತೆ ಹೆಸರಲ್ಲಿ ಸಂಘದ ಸಲುವಾಗಿಯೋ, ಸಿಮ್ ತಗೊಳ್ಳುವಾಗಲೋ, ಪೋಸ್ಟಲ್ಲೋ ಹೊಸ ಖಾತೆ ಏನಾದ್ರೂ ಇತ್ತೀಚೆಗೆ ತೆರೆದಿದ್ರೆ ದುಡ್ಡು ಅಲ್ಲಿ ಕೂತಿರೋ ಸಾಧ್ಯತೆ ಇದೆ, ನೀವು ಹಳೇ ಪಾಸ್‌ಬುಕ್ ಎಂಟ್ರಿ ಮಾಡಿಸ್ಕೊಂಡು ಬಂದಿಲ್ಲ ಬಂದಿಲ್ಲ ಅಂತಿರ್ತೀರಿ. ಮೈ ಆಧಾರ್ ವೆಬ್‌ಸೈಟಲ್ಲಿ ಬ್ಯಾಂಕ್ ಸೀಡಿಂಗ್ ಸ್ಟೇಟಸ್ ಅಂತ ಇದೆ, ಅಲ್ಲಿ ಬ್ಯಾಂಕಿನ ಹೆಸರು ತೋರಿಸುತ್ತೆ. ಡಿಬಿಟಿ ಕರ್ನಾಟಕ ಅನ್ನೋ ಮೊಬೈಲ್ ಆ್ಯಪಲ್ಲಿ ಅತ್ತೆಯ ಆಧಾರ್ ಹಾಕಿ ಓಟಿಪಿ ಕೊಟ್ರೆ ಯಾವ ಯೋಜನೆಯ ಯಾವ ತಿಂಗಳ ದುಡ್ಡು ಯಾವತ್ತು ಬಿತ್ತು ಅಂತ ಪಟ್ಟಿನೇ ಬರುತ್ತೆ. ಅದಕ್ಕೆ ಆಧಾರಿಗೆ ಮೊಬೈಲ್ ನಂಬರ್ ಜೋಡಿಸಿರ್ಬೇಕು, ಇಲ್ಲ ಅಂದ್ರೆ ಮೊದ್ಲು ಆಧಾರ್ ಸೆಂಟರಿಗೆ ಹೋಗಿ ಅದನ್ನ ಮಾಡಿಸಿ.

ಬ್ಯಾಂಕೂ ಸರಿ ಇದೆ, ಆದ್ರೂ ಇಲ್ಲ ಅಂದ್ರೆ ರೇಷನ್ ಕಾರ್ಡಲ್ಲಿ ಮತ್ತು ಆಧಾರಲ್ಲಿ ಅತ್ತೆ ಹೆಸರು ಒಂದೇ ಥರ ಇದೆಯಾ, ಕಾರ್ಡಿನ ಇ-ಕೆವೈಸಿ, ಅಂದ್ರೆ ಆಧಾರ್ ಮೂಲಕ ಗುರುತು ಖಚಿತ ಮಾಡೋದು, ಆಗಿದೆಯಾ ನೋಡಿ. ಮನೆಯಲ್ಲಿ ಯಜಮಾನಿ ಅಥವಾ ಅವರ ಗಂಡ ಇನ್‌ಕಮ್ ಟ್ಯಾಕ್ಸ್ ಅಥವಾ ಜಿಎಸ್‌ಟಿ ಕಟ್ಟೋರು ಅಂತ ದಾಖಲೆಯಲ್ಲಿ ತಪ್ಪಾಗಿ ಸೇರಿಬಿಟ್ರೂ ನಿಲ್ಲುತ್ತೆ. ಈ ಯೋಜನೆ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಇಲಾಖೆಯದ್ದು, ಹಾಗಾಗಿ ಊರಿನ ಅಂಗನವಾಡಿ ಟೀಚರ್ ಮೂಲಕ ತಾಲೂಕಿನ ಸಿಡಿಪಿಒ (ಶಿಶು ಅಭಿವೃದ್ಧಿ ಯೋಜನಾಧಿಕಾರಿ) ಕಚೇರಿಗೆ ಅರ್ಜಿ ಕೊಡಿ, ಬಾಯಲ್ಲಿ ಹೇಳಿ ಬರಬೇಡಿ, ಬರೆದು ಕೊಟ್ಟು ಒಂದು ಪ್ರತಿಗೆ ಸೀಲು ಹಾಕಿಸ್ಕೊಳ್ಳಿ. ಬೆರಳಚ್ಚು ತಗೊಳ್ಳೋ ಕಡೆ ಅತ್ತೆಯ ಬೆರಳು ಹಿಡೀತಿಲ್ಲ ಅಂದ್ರೆ ಬೇಜಾರಾಗಬೇಡಿ, ಬಳಚು ಹೆಕ್ಕಿ, ಮೀನು ಕೊಯ್ದು, ಅಡಕೆ ಸುಲಿದು ಸವೆದ ಬೆರಳುಗಳಿಗೆ ಇದು ಮಾಮೂಲು, ಹತ್ತೂ ಬೆರಳಲ್ಲಿ ಯಾವುದು ಹಿಡಿಯುತ್ತೆ ಅಂತ ಒಂದೊಂದಾಗಿ ನೋಡಿ, ಕಣ್ಣಿನ ಸ್ಕ್ಯಾನ್ ಇದ್ರೆ ಅದನ್ನ ಕೇಳಿ. ಮನೆಗೇ ಬರೋ ಪೋಸ್ಟ್‌ಮ್ಯಾನ್ ಹತ್ರ ಆಧಾರ್ ಮೆಷಿನ್ ಇದ್ರೆ ಬಿಡಿಸ್ಕೊಳ್ಳೋಕೆ ಕುಮಟಾವರೆಗೆ ಹೋಗೋದೂ ಉಳಿಯುತ್ತೆ. ಕೊಟ್ಟ ದುಡ್ಡು ಎಣಿಸಿ ತಗೊಳ್ಳಿ, ಬಿಡಿಸಿದ ಮೊತ್ತದ ಚೀಟಿ ಕೇಳಿ ಇಸ್ಕೊಂಡು ಪಾಸ್‌ಬುಕ್ಕಲ್ಲಿ ಮಡಚಿಡಿ.